ಶಿಕ್ಷಣ ವಿಭಾಗದ ಬೀಗದ ಕೈ ಯಾರ ಬಳಿ ಇದೆ?

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಶಾಲಾ ಶಿಕ್ಷಕರನ್ನು ತಯಾರು ಮಾಡುವ ನಮ್ಮ ಶಿಕ್ಷಣ ವಿಭಾಗದ ಕಾರ್ಯವೈಖರಿಯನ್ನು ಪರಿಶೀಲಿಸುವ ಸಮಿತಿಗೆ ನನ್ನನ್ನೂ ಹಾಕಿದ್ದಾರೆ. ಕಡತ ಓದಿದಷ್ಟೂ ಗೊಂದಲ. ರಸಾಯನಶಾಸ್ತ್ರದ ಬೋಧನೆಯನ್ನು ಕಲಿಸುವವರು ನಮ್ಮ ವಿಭಾಗದಲ್ಲಿಲ್ಲ, ಅಲ್ಲಿದ್ದಾರೆ. ಅಧ್ಯಯನ ಮಂಡಳಿ ಒಪ್ಪಿದ ಪಠ್ಯಕ್ರಮ ಹೊರಗಿನ ನಿಯಂತ್ರಣ ಸಂಸ್ಥೆಯ ನಿಯಮಕ್ಕೆ ಹೊಂದಲಿಲ್ಲವೆಂದು ಮತ್ತೆ ಮಂಡಳಿಗೇ ಬಂದಿದೆ. ಮುಖ್ಯಸ್ಥರು ಒಬ್ಬರು, ಸಂಯೋಜಕರು ನಾಲ್ವರು. ಈಗ ಶಾಲಾ ಇಂಟರ್ನ್‌ಶಿಪ್ ನೋಡಿಕೊಳ್ಳಲು ಇನ್ನೊಂದು ಪೂರ್ಣಾವಧಿ ಹುದ್ದೆ ಬೇಕು ಎನ್ನುತ್ತಿದ್ದಾರೆ. 'ಅದು ಗುಮಾಸ್ತರು ಮಾಡಬಹುದಾದ ಕೆಲಸ' ಎಂದು ಹಣಕಾಸು ಶಾಖೆ ಬರೆದಿದೆ. ಇಂಥ ವಿಭಾಗ ನಡೆಯುವುದು ಹೇಗೆ? ನಡೆಸುವವರು ಯಾರು?

ಉತ್ತರ: ನಿಮ್ಮ ವಿಭಾಗದಿಂದಲೇ ಶುರುಮಾಡೋಣ. ನಿಮ್ಮ ವಿದ್ಯಾರ್ಥಿ ಪ್ರಯೋಗದಲ್ಲಿ ಎಡವಿದರೆ ಒಂದು ಬ್ಯುರೆಟ್ ಒಡೆಯಬಹುದು, ದ್ರಾವಣ ಚೆಲ್ಲಬಹುದು. ಪ್ರಯೋಗಾಲಯ ನಿಮ್ಮದು, ಬೀಗದ ಕೈ ನಿಮ್ಮ ಅಟೆಂಡರ್ ಬಳಿ, ವೇಳಾಪಟ್ಟಿ ಹಾಕುವವರು ನೀವೇ. ಶಿಕ್ಷಣ ವಿಭಾಗದ ಪ್ರಯೋಗಾಲಯವೆಂದರೆ ಶಾಲೆ. ಅದು ಕ್ಯಾಂಪಸ್ಸಿನ ಹೊರಗಿದೆ. ಬೀಗದ ಕೈ ಮುಖ್ಯೋಪಾಧ್ಯಾಯರ ಬಳಿ ಇದೆ, ವೇಳಾಪಟ್ಟಿ ಅವರದು, ಬೆಂಚಿನ ಮೇಲೆ ಕೂತಿರುವುದು ಯಾರದೋ ಮಕ್ಕಳು. ಬೋಧನಾಭ್ಯಾಸಕ್ಕೆ ಬಂದ ಪ್ರಶಿಕ್ಷಣಾರ್ಥಿ, ಅಂದರೆ ಶಿಕ್ಷಕರಾಗಲು ಓದುತ್ತಿರುವ ವಿದ್ಯಾರ್ಥಿ, ಒಂದು ಪಾಠ ಕೆಡಿಸಿದರೆ ಅದನ್ನು ತೊಳೆದು ಕಪಾಟಿನಲ್ಲಿಡಲು ಬರುವುದಿಲ್ಲ. ನಿಮಗೆ ವಿಚಿತ್ರವಾಗಿ ಕಂಡ ಸಂಗತಿಗಳಲ್ಲಿ ಮುಕ್ಕಾಲು ಪಾಲು ಇದೊಂದರಿಂದಲೇ ಹುಟ್ಟಿದ್ದು.

ಉಳಿದ ಕಾಲು ಪಾಲಿಗೆ ಕಾರಣ, ಶಿಕ್ಷಣ ವಿಭಾಗ ಕೊಡುವ ಪದವಿ ಶಿಕ್ಷಕ ವೃತ್ತಿಗೆ ಪರವಾನಗಿಯೂ ಹೌದು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು ಏನು ಕಲಿತಿರಬೇಕೆಂದು ವಿಶ್ವವಿದ್ಯಾಲಯ ಹೇಳಿದರೆ ಸಾಕು. ಶಿಕ್ಷಕರ ವಿಷಯದಲ್ಲಿ ಸರ್ಕಾರಕ್ಕೂ ಒಂದು ಮಾತಿದೆ, ಏಕೆಂದರೆ ನಾಳೆ ಅವರ ಮುಂದೆ ಕೂರುವ ಮಕ್ಕಳಿಗೆ ಬೇರೆ ಆಯ್ಕೆ ಇರುವುದಿಲ್ಲ. ವೈದ್ಯಕೀಯ, ಕಾನೂನು, ಶುಶ್ರೂಷೆ ಕಲಿಸುವ ವಿಭಾಗಗಳೂ ಹೀಗೇ ಎರಡು ಕಡೆ ಉತ್ತರ ಕೊಡುತ್ತವೆ. ಆದರೆ ವೈದ್ಯಕೀಯ ಕಾಲೇಜಿಗೆ ಸಾಮಾನ್ಯವಾಗಿ ತನ್ನದೇ ಆಸ್ಪತ್ರೆ ಇರುತ್ತದೆ. ಶಿಕ್ಷಣ ವಿಭಾಗಕ್ಕೆ ತನ್ನದೇ ಶಾಲೆ ಇರುವುದು ಅಪರೂಪ.

ಸ್ವಲ್ಪ ಚರಿತ್ರೆಯೂ ಬೇಕು. ಶಿಕ್ಷಕರ ತರಬೇತಿ ವಿಶ್ವವಿದ್ಯಾಲಯದೊಳಗೆ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಸರ್ಕಾರ ನಡೆಸಿದ ಮೊದಲ ನಾರ್ಮಲ್ ಸ್ಕೂಲ್ (ಶಿಕ್ಷಕ ತರಬೇತಿ ಶಾಲೆ) ಮ್ಯಾಸಚೂಸೆಟ್ಸಿನ ಲೆಕ್ಸಿಂಗ್ಟನ್ನಿನಲ್ಲಿ 1839ರಲ್ಲಿ ಆರಂಭವಾಯಿತು. ಫಿನ್ಲೆಂಡಿನ ಯುವಾಸ್ಕ್ಯುಲಾದಲ್ಲಿ ಫಿನ್ನಿಷ್ ಭಾಷೆಯ ಮೊದಲ ಶಿಕ್ಷಕ ತರಬೇತಿ ಶಾಲೆ 1863ರಲ್ಲಿ ಬಂತು. ಸ್ಕಾಟ್ಲೆಂಡಿನ ಎಡಿನ್‌ಬರೊ ಮತ್ತು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯಗಳು ಶಿಕ್ಷಣಶಾಸ್ತ್ರಕ್ಕೆ ಪ್ರಾಧ್ಯಾಪಕ ಪೀಠ ಕೊಟ್ಟದ್ದು 1876ರಲ್ಲಿ. ಫಿನ್ಲೆಂಡ್ ತನ್ನ ಇಡೀ ಶಿಕ್ಷಕ ತರಬೇತಿಯನ್ನು ವಿಶ್ವವಿದ್ಯಾಲಯಗಳಿಗೆ ಒಪ್ಪಿಸಿದ್ದಂತೂ 1970ರ ದಶಕದಲ್ಲಿ. ಅಲ್ಲಿಯವರೆಗೆ ಈ ಸಂಸ್ಥೆಗಳಿಗೆ ಅವುಗಳದೇ ಪ್ರಾಂಶುಪಾಲರು, ಅವುಗಳದೇ ಶಿಸ್ತು, ಪಕ್ಕದಲ್ಲೇ ಅಭ್ಯಾಸಕ್ಕೊಂದು ಶಾಲೆ ಇತ್ತು. ವಿಶ್ವವಿದ್ಯಾಲಯಕ್ಕೆ ಬಂದಾಗ, ಸೊಸೆ ತವರಿನ ಪೆಟ್ಟಿಗೆಯೊಂದಿಗೆ ಬಂದಹಾಗೆ, ಆ ರೂಢಿಗಳನ್ನೆಲ್ಲ ತಂದವು. ಅತ್ತೆ ಮನೆಯವರು ಪೆಟ್ಟಿಗೆ ಇಡಲು ಜಾಗ ಕೊಟ್ಟರು, ತೆರೆದು ನೋಡಲಿಲ್ಲ.

ಹಾಗಾಗಿ ಹೆಸರುಗಳೂ ಬೇರೆಬೇರೆ: ಎಲ್ಲೋ ವಿಭಾಗ, ಎಲ್ಲೋ ನಿಕಾಯ (ಫ್ಯಾಕಲ್ಟಿ), ಎಲ್ಲೋ ಸ್ಕೂಲ್, ಎಲ್ಲೋ ಸಂಸ್ಥೆ. ಹೆಸರಿಗಿಂತ ಹಣದ ಖಾತೆ ಮತ್ತು ನೇಮಕಾತಿಯ ಅಧಿಕಾರ ಎಲ್ಲಿದೆಯೆಂದು ನೋಡಿ. ನ್ಯೂಯಾರ್ಕಿನ ಟೀಚರ್ಸ್ ಕಾಲೇಜು 1887ರಲ್ಲಿ ಸ್ಥಾಪನೆಯಾಗಿ 1898ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಜೊತೆ ಸೇರಿತು. ಇಂದಿಗೂ ಅದಕ್ಕೆ ಪ್ರತ್ಯೇಕ ಅಧ್ಯಕ್ಷರು, ಪ್ರತ್ಯೇಕ ಟ್ರಸ್ಟಿ ಮಂಡಳಿ, ಪ್ರತ್ಯೇಕ ಬಜೆಟ್ಟು. ಪದವಿ ಮಾತ್ರ ಕೊಲಂಬಿಯಾದ್ದು. ನಮ್ಮಲ್ಲಿ 1963ರಲ್ಲಿ ಅಜ್ಮೇರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ಶುರುವಾದ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು (ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಗಳು) ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಾದ ಎನ್‌ಸಿಇಆರ್‌ಟಿಯ ಆಡಳಿತದಲ್ಲಿದ್ದು, ಪದವಿಯನ್ನು ಸ್ಥಳೀಯ ವಿಶ್ವವಿದ್ಯಾಲಯಗಳ ಮೂಲಕ ಕೊಡಿಸಿದವು. ಸಂಬಳ ಒಬ್ಬರದು, ಪದವಿಪತ್ರ ಇನ್ನೊಬ್ಬರದು. ಇಂಥ ಕಡೆ 'ಯಜಮಾನ ಯಾರು' ಎಂದು ಕೇಳಿದರೆ ಯಾವ ಕೆಲಸಕ್ಕೆ ಎಂದು ಮರುಪ್ರಶ್ನೆ ಬರುತ್ತದೆ. ನಿಮ್ಮ ಪ್ರಶ್ನೆಗೂ ಉತ್ತರ ಹಾಗೆಯೇ ಬಿಡಿಬಿಡಿಯಾಗಿ ಬರಬೇಕು.

ಮೊದಲು ರಸಾಯನಶಾಸ್ತ್ರದ ಬೋಧನೆ ಕಲಿಸುವ ಆ 'ಕೆಮಿಸ್ಟ್ರಿ ಮೆಥಡ್' ಮೇಷ್ಟ್ರ ವಿಚಾರ. ಅವರು ನಿಮ್ಮ ವಿಭಾಗದಲ್ಲೇಕಿಲ್ಲ? ಏಕೆಂದರೆ ಅವರು ಕಲಿಸುವುದು ರಸಾಯನಶಾಸ್ತ್ರವನ್ನಲ್ಲ. ಸಕ್ಕರೆ ನೀರಿನಲ್ಲಿ ಕರಗಿದಾಗ ಅದರ ತೂಕವೂ ಮಾಯವಾಗುತ್ತದೆ ಎಂದು ಎಷ್ಟೋ ಮಕ್ಕಳು ನಂಬಿರುತ್ತಾರೆ. ಅದು ತಪ್ಪೆಂದು ನಿಮಗೂ ಗೊತ್ತು, ಅವರಿಗೂ ಗೊತ್ತು. ಹಾಗೆ ನಂಬಿದ ಮಗು ತಕ್ಕಡಿಯ ಮುಂದೆ ಏನು ಹೇಳೀತು, ಯಾವ ಪ್ರಶ್ನೆ ಕೇಳಿದರೆ ಅದು ತನ್ನ ನಂಬಿಕೆಯನ್ನು ತಾನೇ ಅನುಮಾನಿಸೀತು ಎಂಬುದು ಅವರ ವಿಷಯ. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಲೀ ಶುಲ್ಮನ್ 1986ರಲ್ಲಿ ಈ ಬಗೆಯ ತಿಳಿವಳಿಕೆಗೊಂದು ಹೆಸರಿಟ್ಟು, ವಿಷಯಜ್ಞಾನಕ್ಕಿಂತಲೂ ಸಾಮಾನ್ಯ ಬೋಧನಾಶಾಸ್ತ್ರಕ್ಕಿಂತಲೂ ಇದು ಬೇರೆಯೆಂದು ವಾದಿಸಿದರು. ಅಲ್ಲಿಂದ ಈಚೆಗೆ ಈ ಅಧ್ಯಾಪಕರಿಗೆ ತಮ್ಮ ಕೆಲಸವನ್ನು ವಿವರಿಸುವುದು ಸ್ವಲ್ಪ ಸುಲಭವಾಗಿದೆ. ಬಡ್ತಿ ಸಮಿತಿಯ ಮುಂದೆ ಮಾತ್ರ ಇನ್ನೂ ಕಷ್ಟವೇ.

ಇವರನ್ನು ಎಲ್ಲಿ ಕೂರಿಸಬೇಕೆಂಬುದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ಫಿನ್ಲೆಂಡಿನಲ್ಲಿ ವಿಷಯ ಶಿಕ್ಷಕರಾಗುವವರು ತಮ್ಮ ವಿಷಯವನ್ನು ಆಯಾ ನಿಕಾಯದಲ್ಲಿ ಓದಿ, 60 ಕ್ರೆಡಿಟ್‌ಗಳ ಬೋಧನಾಶಾಸ್ತ್ರವನ್ನು ಶಿಕ್ಷಣ ನಿಕಾಯದಲ್ಲಿ ಮಾಡುತ್ತಾರೆ. ಜರ್ಮನಿಯ ಅನೇಕ ವಿಶ್ವವಿದ್ಯಾಲಯಗಳಲ್ಲಿ ಬೋಧನಾಶಾಸ್ತ್ರದ ಅಧ್ಯಾಪಕರು ವಿಷಯ ವಿಭಾಗದಲ್ಲೇ ಇರುತ್ತಾರೆ, ಅವರನ್ನು ಹೊಂದಿಸಿ ನಡೆಸಲು ಶಿಕ್ಷಕ ತರಬೇತಿ ಕೇಂದ್ರವೊಂದು ನಡುವೆ ಇರುತ್ತದೆ. ಆ ಕೇಂದ್ರಗಳಿಗೆ ಜವಾಬ್ದಾರಿ ದೊಡ್ಡದು, ಕೈಯಲ್ಲಿ ಹುದ್ದೆ ಕಡಿಮೆ ಎಂಬ ಗೊಣಗಾಟ ಅಲ್ಲಿ ಹಳೆಯದು. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯ 2009ರಲ್ಲಿ ಶಿಕ್ಷಕ ಶಿಕ್ಷಣಕ್ಕೆಂದೇ ನಿಕಾಯದ ಮಟ್ಟದ ಸ್ಕೂಲನ್ನು ಕಟ್ಟಿದ್ದು ಇಂಥ ಹಿನ್ನೆಲೆಯಲ್ಲಿ. ಎರಡು ವಿಭಾಗಗಳಿಗೂ ಸೇರಿದ ಜಂಟಿ ನೇಮಕಾತಿ ಕಾಗದದ ಮೇಲೆ ಚೆಂದ. ಆದರೆ ಬಡ್ತಿಯ ಹೊತ್ತಿಗೆ ವಿಷಯ ವಿಭಾಗ 'ಇವರ ಸಂಶೋಧನೆ ನಮ್ಮದಲ್ಲ' ಎನ್ನುತ್ತದೆ, ಶಿಕ್ಷಣ ವಿಭಾಗ 'ಇವರು ನಮ್ಮ ಸಭೆಗೆ ಬರುವುದೇ ಇಲ್ಲ' ಎನ್ನುತ್ತದೆ. ಜಂಟಿ ನೇಮಕಾತಿ ಸೂಚಿಸುವ ಮನಸ್ಸು ನಿಮ್ಮ ಸಮಿತಿಗೆ ಬಂದರೆ, ಯಾರ ವರದಿಯ ಮೇಲೆ ಬಡ್ತಿ ಎಂಬ ಒಂದು ಸಾಲನ್ನು ನೇಮಕಾತಿ ಆದೇಶದಲ್ಲೇ ಬರೆಸಿ.

ಈಗ ಪಠ್ಯಕ್ರಮ ವಾಪಸ್ ಬಂದ ಪ್ರಸಂಗ. ಪಠ್ಯಕ್ರಮದ ಹಾದಿ ನಿಮಗೆ ಗೊತ್ತಿರುವುದೇ: ವಿಭಾಗದ ಸಭೆ, ಅಧ್ಯಯನ ಮಂಡಳಿ, ನಿಕಾಯ, ವಿದ್ಯಾವಿಷಯಕ ಪರಿಷತ್ತು, ಕೊನೆಗೆ ಸಿಂಡಿಕೇಟ್ ಅಥವಾ ಅದಕ್ಕೆ ಸಮನಾದ ಮಂಡಳಿ. ಶಿಕ್ಷಣ ವಿಭಾಗದ ಕಡತವೂ ಇದೇ ಮೆಟ್ಟಿಲು ಹತ್ತುತ್ತದೆ. ಜೊತೆಗೆ ಪಕ್ಕದಲ್ಲೇ ಇನ್ನೊಂದು ಏಣಿ ಇದೆ. ಭಾರತದಲ್ಲಿ ಅದರ ಹೆಸರು ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು. 1973ರಿಂದ ಸಲಹಾ ಸಂಸ್ಥೆಯಾಗಿದ್ದ ಅದಕ್ಕೆ 1993ರ ಕಾಯ್ದೆ ಹಲ್ಲು ಕೊಟ್ಟಿತು, 1995ರ ಆಗಸ್ಟಿನಲ್ಲಿ ಶಾಸನಬದ್ಧ ಸಂಸ್ಥೆಯಾಗಿ ಕೆಲಸ ಶುರುಮಾಡಿತು. ಅದರ ಮಾನ್ಯತೆಯಿಲ್ಲದೆ ವಿಶ್ವವಿದ್ಯಾಲಯವೂ ಶಿಕ್ಷಕ ಶಿಕ್ಷಣದ ಕೋರ್ಸು ನಡೆಸುವಂತಿಲ್ಲ.

ಈ ನಿಯಂತ್ರಣ ಎಷ್ಟು ಒಳಗಿನವರೆಗೆ ಬರುತ್ತದೆಂದು ನಿಮಗೆ ಅಂದಾಜು ಸಿಗಲಿ. 2014ರ ನಿಯಮಾವಳಿ ಒಂದು ವರ್ಷದ ಬಿ.ಎಡ್. ಅನ್ನು ಎರಡು ವರ್ಷಕ್ಕೇರಿಸಿತು. 50 ವಿದ್ಯಾರ್ಥಿಗಳ ಒಂದು ಘಟಕ. ಎರಡು ಘಟಕಗಳಿದ್ದು ಎರಡೂ ವರ್ಷ ಸೇರಿ 200 ವಿದ್ಯಾರ್ಥಿಗಳಾದರೆ 16 ಪೂರ್ಣಾವಧಿ ಅಧ್ಯಾಪಕರು ಬೇಕು. ಆ 16ರಲ್ಲಿ ಒಬ್ಬರು ಮುಖ್ಯಸ್ಥರು, ನಾಲ್ವರು ಶಿಕ್ಷಣದ ತಾತ್ತ್ವಿಕ ವಿಷಯಗಳಿಗೆ, ಎಂಟು ಮಂದಿ ಶಾಲಾ ವಿಷಯಗಳ ಬೋಧನಾಶಾಸ್ತ್ರಕ್ಕೆ, ದೈಹಿಕ ಶಿಕ್ಷಣಕ್ಕೊಬ್ಬರು, ದೃಶ್ಯಕಲೆಗೊಬ್ಬರು, ಪ್ರದರ್ಶನ ಕಲೆಗೊಬ್ಬರು. ತರಗತಿಯಲ್ಲಿ ಶೇ. 80 ಹಾಜರಿ, ಶಾಲಾ ಇಂಟರ್ನ್‌ಶಿಪ್‌ನಲ್ಲಿ ಶೇ. 90. ರಸಾಯನಶಾಸ್ತ್ರ ವಿಭಾಗದಲ್ಲಿ ಸಂಗೀತ ಅಥವಾ ನಾಟಕ ಗೊತ್ತಿರುವ ಒಬ್ಬ ಅಧ್ಯಾಪಕರು ಇರಲೇಬೇಕೆಂದು ದೆಹಲಿಯಿಂದ ಆದೇಶ ಬಂದಿದೆಯೆಂದು ಊಹಿಸಿಕೊಳ್ಳಿ, ಆ ಮುಖ್ಯಸ್ಥರ ಸ್ಥಿತಿ ಅರ್ಥವಾದೀತು. (ಆದೇಶ ತಪ್ಪೆಂದು ನಾನು ಹೇಳುತ್ತಿಲ್ಲ. ಹಾಡಲು ಹಿಂಜರಿಯದ ಶಿಕ್ಷಕರು ಪ್ರಾಥಮಿಕ ತರಗತಿಯಲ್ಲಿ ಏನು ಮಾಡಬಲ್ಲರೆಂದು ಕಣ್ಣಾರೆ ನೋಡಿದ್ದೇನೆ.)

ಬೇರೆ ದೇಶಗಳಲ್ಲಿ ಈ ಎರಡನೆಯ ಏಣಿಯ ಆಕಾರ ಬೇರೆ. ಇಂಗ್ಲೆಂಡಿನಲ್ಲಿ ವಿಶ್ವವಿದ್ಯಾಲಯ ಕೊಡುವ ಪಿಜಿಸಿಇ ಎಂಬ ಸ್ನಾತಕೋತ್ತರ ಶಿಕ್ಷಣ ಪ್ರಮಾಣಪತ್ರವೇ ಬೇರೆ, ಸರ್ಕಾರಿ ಮಾನದಂಡದ ಪ್ರಕಾರ ಸಿಗುವ 'ಅರ್ಹ ಶಿಕ್ಷಕ' ಸ್ಥಾನಮಾನವೇ ಬೇರೆ. ಒಬ್ಬರಿಗೆ ಎರಡನೆಯದು ಸಿಕ್ಕು ಮೊದಲನೆಯದು ಸಿಗದಿರಬಹುದು. ತರಬೇತಿಯ ಗುಣಮಟ್ಟ ನೋಡಲು ಆಫ್‌ಸ್ಟೆಡ್ ಎಂಬ ತಪಾಸಣಾ ಸಂಸ್ಥೆ ಬರುತ್ತದೆ, ಶಾಲೆಗಳಿಗೆ ಬರುವುದೂ ಅದೇ. ಜರ್ಮನಿಯಲ್ಲಿ ವಿಶ್ವವಿದ್ಯಾಲಯದ ಓದು ಮೊದಲ ಹಂತ ಮಾತ್ರ. ಆಮೇಲಿನ ಒಂದರಿಂದ ಎರಡು ವರ್ಷದ ಶಾಲಾ ತರಬೇತಿಯನ್ನು ರಾಜ್ಯವೇ ನಡೆಸಿ, ಕೊನೆಯ ಪರೀಕ್ಷೆಯನ್ನೂ ತಾನೇ ಮಾಡುತ್ತದೆ. ಆಸ್ಟ್ರೇಲಿಯಾ ಪದವಿ ಮಟ್ಟದಲ್ಲಿ ಕನಿಷ್ಠ 80 ದಿನ, ಸ್ನಾತಕೋತ್ತರ ಮಟ್ಟದಲ್ಲಿ 60 ದಿನ ಶಾಲೆಯಲ್ಲಿರಬೇಕೆಂದು ರಾಷ್ಟ್ರೀಯ ಮಾನದಂಡದಲ್ಲಿ ಬರೆದಿಟ್ಟಿದೆ.

ನಿಮ್ಮಲ್ಲಿ ಕಡತ ವಾಪಸ್ ಬಂದದ್ದು ಹೆಚ್ಚಾಗಿ ಅಧಿಕಾರದ ಜಗಳದಿಂದ ಇರಲಾರದು. ಮೆಟ್ಟಿಲು ಹತ್ತಿದ ಕ್ರಮ ತಪ್ಪಿರಬೇಕು. ಮಂಡಳಿಯಲ್ಲಿ ಕೂತವರು ಕ್ರೆಡಿಟ್ ಕೂಡಿಸಿ ನೋಡಿದರು, ಇಂಟರ್ನ್‌ಶಿಪ್‌ನ ವಾರಗಳನ್ನು ಎಣಿಸಲಿಲ್ಲ. ನಾನು ಇಂಥದೇ ಶಿಕ್ಷಣ ವಿಭಾಗದ ಮುಖ್ಯಸ್ಥನಾಗಿದ್ದಾಗಲೂ ಒಮ್ಮೆ ಹೀಗೇ ಆಯಿತು. ಸೆಮಿಸ್ಟರ್ ಪದ್ಧತಿಗೆ ಹೊಂದಲೆಂದು 16 ವಾರಗಳ ಇಂಟರ್ನ್‌ಶಿಪ್ಪನ್ನು ಎರಡು ತುಂಡು ಮಾಡಿದೆವು. ವಿಶ್ವವಿದ್ಯಾಲಯಕ್ಕೆ ಸಮಾಧಾನವಾಯಿತು. ಎರಡನೆಯ ತುಂಡು ಶಾಲೆಗಳ ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಬಂದು ಬಿತ್ತು. ಶಾಲೆಗೆ ಹೋದವರಿಗೆ ಪಾಠ ಸಿಗಲಿಲ್ಲ, ಮೇಲ್ವಿಚಾರಣೆಯ ಡ್ಯೂಟಿ ಸಿಕ್ಕಿತು. ತಪ್ಪು ನನ್ನದೇ, ಶಾಲೆಯ ಕ್ಯಾಲೆಂಡರ್ ತರಿಸಿ ನೋಡಿರಲಿಲ್ಲ. ಅದಾದ ಮೇಲೆ ಪಠ್ಯಕ್ರಮದ ಕರಡಿನ ಜೊತೆಗೆ ಒಂದು ಹಾಳೆ ಲಗತ್ತಿಸುವ ರೂಢಿ ಮಾಡಿಕೊಂಡೆವು. ಎಡಕ್ಕೆ ನಿಯಂತ್ರಣ ಸಂಸ್ಥೆ ಕೇಳಿದ್ದು, ನಡುವೆ ನಾವು ಬರೆದದ್ದು, ಬಲಕ್ಕೆ ಶಾಲೆಯ ವರ್ಷದಲ್ಲಿ ಅದು ಬೀಳುವ ತಿಂಗಳು. ಹಾಳೆ ತುಂಬದ ಕರಡನ್ನು ಅಧ್ಯಯನ ಮಂಡಳಿಗೆ ಕಳಿಸುತ್ತಿರಲಿಲ್ಲ.

ಮಂಡಳಿಯಲ್ಲಿ ಯಾರಿದ್ದಾರೆಂದೂ ನೋಡಿ. ಬೇರೆ ವಿಶ್ವವಿದ್ಯಾಲಯಗಳ ಇಬ್ಬರು ಪ್ರಾಧ್ಯಾಪಕರನ್ನು ಹೊರಗಿನ ಸದಸ್ಯರೆಂದು ಕರೆಯುವುದು ವಾಡಿಕೆ. ಶಿಕ್ಷಣ ವಿಭಾಗಕ್ಕೆ ನಿಜವಾಗಿ ಹೊರಗಿನವರು ಯಾರೆಂದರೆ ಈಗ ಶಾಲೆಯಲ್ಲಿ ಪಾಠ ಮಾಡುತ್ತಿರುವ ಶಿಕ್ಷಕರು. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರನ್ನು ಹಾಕಿಕೊಂಡು ಆ ಲೆಕ್ಕ ಮುಗಿಸುವುದುಂಟು. ಅವರ ಅನುಭವ ದೊಡ್ಡದೇ, ಆದರೆ ಸೋಮವಾರ ಬೆಳಿಗ್ಗೆ ಅವರು ತರಗತಿಗೆ ಹೋಗಬೇಕಿಲ್ಲ.

ನಾಲ್ವರು ಸಂಯೋಜಕರ ವಿಷಯಕ್ಕೆ ಬರುತ್ತೇನೆ. ಮುಖ್ಯಸ್ಥರ ಅವಧಿ ಬಹಳ ಕಡೆ ಎರಡೋ ಮೂರೋ ವರ್ಷ, ಹಿರಿತನದ ಮೇಲೆ ಸರದಿ. ಎರಡು ವರ್ಷದ ಕೋರ್ಸಿಗೆ ಸೇರಿದವರು ಮುಗಿಸಿ ಹೋಗುವಷ್ಟರಲ್ಲಿ ಮುಖ್ಯಸ್ಥರು ಬದಲಾಗಿರುತ್ತಾರೆ. ನಾಲ್ಕು ವರ್ಷದ ಸಂಯೋಜಿತ ಕೋರ್ಸಾದರೆ ಎರಡು ಸಲ. ಅಂಥ ಕೋರ್ಸನ್ನು ಭಾರತದಲ್ಲಿ 2023–24ರಿಂದ ಪ್ರಾಯೋಗಿಕವಾಗಿ 57 ಸಂಸ್ಥೆಗಳಲ್ಲಿ ಆರಂಭಿಸಿದ್ದಾರೆ, ಅದರಲ್ಲಿ ವಿಷಯ ವಿಭಾಗಗಳ ಅಧ್ಯಾಪಕರೂ ಪಾಠ ಮಾಡಬೇಕು. ಹೀಗಿರುವಾಗ ಕೋರ್ಸಿನ ನೆನಪು ಯಾರಲ್ಲಾದರೂ ಉಳಿಯಬೇಕು. ಆ ನೆನಪೇ ಸಂಯೋಜಕರು. ಬಿ.ಎಡ್.ಗೊಬ್ಬರು, ಎಂ.ಎಡ್.ಗೊಬ್ಬರು, ಪಿಎಚ್‌.ಡಿ. ಸಮಿತಿಗೊಬ್ಬರು, ಶಾಲೆಗಳಿಗೊಬ್ಬರು ಎಂದಿರುವುದು ದುಂದಲ್ಲ. ದುಂದು ಎಲ್ಲಿದೆಯೆಂದರೆ, ಅವರಿಗೆ ಹೆಸರು ಕೊಟ್ಟು ಅಧಿಕಾರ ಕೊಡದಿರುವಲ್ಲಿ. ಶಾಲೆಗೆ ಹೋಗುವ ಪತ್ರಕ್ಕೂ ಮುಖ್ಯಸ್ಥರ ಸಹಿ ಬೇಕು, ಮುಖ್ಯಸ್ಥರು ಕುಲಸಚಿವರ ಸಭೆಯಲ್ಲಿದ್ದಾರೆ, ಶಾಲೆಯ ಪ್ರಾರ್ಥನೆ ಮುಗಿದೇ ಹೋಯಿತು.

ಇನ್ನೊಂದು ಒಳಗುದಿ ಕಡತದಲ್ಲಿ ಕಾಣುವುದಿಲ್ಲ. ಈ ವಿಭಾಗದೊಳಗೆ ಎರಡು ಮನೆಗಳಿರುತ್ತವೆ. ಒಂದು ಮನೆಯವರು ಶಿಕ್ಷಣವನ್ನು ಅಧ್ಯಯನ ಮಾಡುವವರು: ಅದರ ತತ್ತ್ವ, ಸಮಾಜಶಾಸ್ತ್ರ, ಮನೋವಿಜ್ಞಾನ, ನೀತಿ. ಇನ್ನೊಂದು ಮನೆಯವರು ಶಿಕ್ಷಕರನ್ನು ತಯಾರು ಮಾಡುವವರು. ಒಬ್ಬರ ವಾರ ಗ್ರಂಥಾಲಯದಲ್ಲಿ ಕಳೆಯುತ್ತದೆ, ಇನ್ನೊಬ್ಬರದು ಬಸ್ಸಿನಲ್ಲಿ. ಪ್ರಕಟಣೆ ಎಣಿಸಿ ಬಡ್ತಿ ಕೊಡುವ ವಿಶ್ವವಿದ್ಯಾಲಯದಲ್ಲಿ ಮೊದಲ ಮನೆ ಬೆಳೆಯುತ್ತದೆ. ಎರಡನೆಯ ಮನೆಗೆ ಕಿರಿಯರೂ ಅತಿಥಿ ಉಪನ್ಯಾಸಕರೂ ಬಂದು ತುಂಬಿಕೊಳ್ಳುತ್ತಾರೆ. ಶಿಕಾಗೊ ವಿಶ್ವವಿದ್ಯಾಲಯ ಇದಕ್ಕೆ ಪಾಠವಾಗಬಲ್ಲ ಉದಾಹರಣೆ. ಅಲ್ಲಿ 1894ರಲ್ಲಿ ತತ್ತ್ವಶಾಸ್ತ್ರ ವಿಭಾಗಕ್ಕೆ ಬಂದ ಜಾನ್ ಡ್ಯೂಯಿ, ಮನೋವಿಜ್ಞಾನ ಮತ್ತು ಬೋಧನಾಶಾಸ್ತ್ರಗಳನ್ನೂ ಅದೇ ಸೂರಿನಡಿ ನಡೆಸುತ್ತ, 1896ರಲ್ಲಿ ಪ್ರಯೋಗ ಶಾಲೆ, ಅಂದರೆ ಶಿಕ್ಷಣದ ಹೊಸ ವಿಚಾರಗಳನ್ನು ಪರೀಕ್ಷಿಸಿ ನೋಡುವ ಮಕ್ಕಳ ಶಾಲೆ, ತೆರೆದರು. ಮುಂದೆ ಆ ಶಾಲೆಯನ್ನು ಇನ್ನೊಂದು ಶಾಲೆಯ ಜೊತೆ ಸೇರಿಸುವಾಗ, ಪ್ರಾಂಶುಪಾಲೆಯಾಗಿದ್ದ ಅವರ ಪತ್ನಿ ಆಲಿಸ್ ಅವರ ಹುದ್ದೆಯ ಬಗ್ಗೆ ವಿಶ್ವವಿದ್ಯಾಲಯದ ಅಧ್ಯಕ್ಷ ಹಾರ್ಪರ್ ಅವರೊಂದಿಗೆ ಮನಸ್ತಾಪ ಬಂದು, 1904ರಲ್ಲಿ ರಾಜೀನಾಮೆ ಕೊಟ್ಟು ಕೊಲಂಬಿಯಾಕ್ಕೆ ಹೋದರು. ಶಿಕ್ಷಣದ ಬಗ್ಗೆ ಅಷ್ಟು ಆಳವಾಗಿ ಯೋಚಿಸಿದವರೂ ಶಾಲೆಯ ಆಡಳಿತ ಯಾರದೆಂಬ ಪ್ರಶ್ನೆಯಲ್ಲೇ ಎಡವಿದರು. ಅದೇ ವಿಶ್ವವಿದ್ಯಾಲಯ 1990ರ ದಶಕದ ಉತ್ತರಾರ್ಧದಲ್ಲಿ ಸಂಶೋಧನೆಗೆ ಹೆಸರಾಗಿದ್ದ ತನ್ನ ಶಿಕ್ಷಣ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ಪ್ರಯೋಗ ಶಾಲೆ ಇಂದಿಗೂ ನಡೆಯುತ್ತಿದೆ.

ಸ್ವಂತ ಶಾಲೆ ಇದ್ದರೆ ಎಲ್ಲ ಸರಿಹೋಗುತ್ತದೆಯೇ? ಫಿನ್ಲೆಂಡಿನ ಅಭ್ಯಾಸ ಶಾಲೆಗಳು ವಿಶ್ವವಿದ್ಯಾಲಯದ ಅಂಗಗಳೇ. ಅಲ್ಲಿಯ ಶಿಕ್ಷಕರು ಮಕ್ಕಳಿಗೂ ಕಲಿಸುತ್ತಾರೆ, ಪ್ರಶಿಕ್ಷಣಾರ್ಥಿಗಳಿಗೂ ಮಾರ್ಗದರ್ಶನ ಮಾಡುತ್ತಾರೆ, ಎರಡೂ ಅವರ ಹುದ್ದೆಯ ಕೆಲಸ. ನಮ್ಮ ಪ್ರಾದೇಶಿಕ ಶಿಕ್ಷಣ ಸಂಸ್ಥೆಗಳ ಆವರಣದಲ್ಲೂ ಪ್ರಾತ್ಯಕ್ಷಿಕೆ ಶಾಲೆಗಳಿವೆ. ನನ್ನ ಅಭಿಪ್ರಾಯ ಕೇಳಿದರೆ, ಇದ್ದರೆ ಒಳ್ಳೆಯದು, ಅದೊಂದೇ ಇದ್ದರೆ ಅಪಾಯ. ವರ್ಷವಿಡೀ ಅಪರಿಚಿತರ ಪಾಠ ಕೇಳಿ ಕೇಳಿ ಆ ಮಕ್ಕಳು ಪಳಗಿಬಿಟ್ಟಿರುತ್ತಾರೆ. ಪಾಠ ಯೋಜನೆಯ ಯಾವ ಹಂತದಲ್ಲಿ ಕೈ ಎತ್ತಬೇಕೆಂದು ಅವರಿಗೇ ಗೊತ್ತು. ಅಲ್ಲಿ ಗೆದ್ದವರು ಅರವತ್ತು ಮಕ್ಕಳ ತರಗತಿಯಲ್ಲಿ ಮೊದಲ ದಿನವೇ ಬೆವರುವುದನ್ನು ಕಂಡಿದ್ದೇನೆ.

ಹಾಗಾಗಿ ಹೊರಗಿನ ಶಾಲೆ ಬೇಕೇಬೇಕು, ನಿಜವಾದ ಆಡಳಿತದ ಪ್ರಶ್ನೆ ಹುಟ್ಟುವುದೂ ಅಲ್ಲೇ. ಒಂದು ಲೆಕ್ಕ ಹಾಕೋಣ. 100 ಪ್ರಶಿಕ್ಷಣಾರ್ಥಿಗಳು 16 ವಾರ ಶಾಲೆಯಲ್ಲಿದ್ದಾರೆನ್ನಿ. ಒಬ್ಬೊಬ್ಬರ ಪಾಠವನ್ನು ವಿಭಾಗದ ಅಧ್ಯಾಪಕರು ಎಂಟು ಸಲ ನೋಡಬೇಕೆಂದರೆ 800 ಪಾಠ ವೀಕ್ಷಣೆ. ಹತ್ತು ಮಂದಿ ಹಂಚಿಕೊಂಡರೆ ತಲಾ 80, ಅಂದರೆ ವಾರಕ್ಕೆ ಐದು. ಹೋಗಿ, ನೋಡಿ, ಪಾಠದ ನಂತರ ಕೂತು ಮಾತಾಡಿ, ಬರೆದು ಬರಲು ಅರ್ಧ ದಿನ ಬೇಕು. ವಾರದ ಐದು ಅರ್ಧ ದಿನಗಳು ಅಲ್ಲಿಗೇ ಹೋದವು. ಅದೇ ವಾರ ಇನ್ನೊಂದು ವರ್ಷದ ತರಗತಿಗಳು ವಿಭಾಗದಲ್ಲಿ ನಡೆಯುತ್ತಿರುತ್ತವೆ. ಉಪನ್ಯಾಸದ ಗಂಟೆಗಳನ್ನು ಮಾತ್ರ ಕಾರ್ಯಭಾರವೆಂದು ಎಣಿಸುವ ಕಡೆ ಈ 80 ವೀಕ್ಷಣೆಗಳಿಗೆ ಲೆಕ್ಕವೇ ಇಲ್ಲ. ಆಗ ಏನಾಗುತ್ತದೆ? ಎಂಟು ಸಲದ ವೀಕ್ಷಣೆ ಮೂರಾಗುತ್ತದೆ, ಮೂರರಲ್ಲಿ ಒಂದು ಶಾಲೆಯ ವರಾಂಡದಲ್ಲಿ ನಿಂತು ಹಾಕಿದ ಸಹಿಯಾಗುತ್ತದೆ. ನಿಮ್ಮ ಸಮಿತಿ ಒಂದೇ ಒಂದು ದಾಖಲೆ ನೋಡುವುದಾದರೆ ಪಾಠ ವೀಕ್ಷಣೆಯ ಪುಸ್ತಕಗಳನ್ನು ತರಿಸಿ. ಅಲ್ಲಿಯ ಅಕ್ಷರ, ಶಾಯಿ, ತಾರೀಖುಗಳೇ ಎಲ್ಲವನ್ನೂ ಹೇಳುತ್ತವೆ.

ಇಷ್ಟಾದರೂ ದಿನನಿತ್ಯ ಪ್ರಶಿಕ್ಷಣಾರ್ಥಿಯ ಜೊತೆಗಿರುವವರು ವಿಭಾಗದವರಲ್ಲ, ಶಾಲೆಯ ಮಾರ್ಗದರ್ಶಕ ಶಿಕ್ಷಕರು. ಅವರಿಗೆ ವಿಶ್ವವಿದ್ಯಾಲಯ ಸಂಬಳ ಕೊಡುವುದಿಲ್ಲ, ಆದೇಶವನ್ನೂ ಕೊಡುವಂತಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 1987ರಲ್ಲಿ ಸುತ್ತಲಿನ ಶಾಲೆಗಳ ಜೊತೆ ಸೇರಿ ಒಂದು ಇಂಟರ್ನ್‌ಶಿಪ್ ಯೋಜನೆ ರೂಪಿಸಿತು, ಶಾಲೆಯ ಶಿಕ್ಷಕರನ್ನು ತರಬೇತಿಯ ಸಮಾನ ಪಾಲುದಾರರೆಂದು ಒಪ್ಪಿತು. 1992ರಲ್ಲಿ ಇಂಗ್ಲೆಂಡಿನ ಸರ್ಕಾರ ಒಂದು ಸುತ್ತೋಲೆ ಹೊರಡಿಸಿ, ಪ್ರೌಢಶಾಲಾ ಶಿಕ್ಷಕರಾಗುವವರು 36 ವಾರಗಳ ಕೋರ್ಸಿನಲ್ಲಿ 24 ವಾರ ಶಾಲೆಯಲ್ಲೇ ಇರಬೇಕೆಂದಿತು. ಮೊದಲನೆಯದು ಮಾತುಕತೆಯಿಂದ ಬಂದ ಪಾಲುದಾರಿಕೆ, ಎರಡನೆಯದು ಆದೇಶದಿಂದ ಬಂದದ್ದು. ಸಮಯ ಶಾಲೆಗೆ ಹೋದರೆ ಹಣವೂ ಹಿಂದೆಯೇ ಹೋಗಬೇಕಲ್ಲ? ಅಲ್ಲಿಯ ವಿಶ್ವವಿದ್ಯಾಲಯಗಳು ತಮ್ಮ ಅನುದಾನದ ಒಂದು ಭಾಗವನ್ನು ಶಾಲೆಗಳಿಗೆ ವರ್ಗಾಯಿಸಬೇಕಾಯಿತು. ಎಷ್ಟೆಂಬ ಚೌಕಾಸಿ ವರ್ಷಗಟ್ಟಲೆ ನಡೆಯಿತು.

ಶಾಲೆ ಮತ್ತು ವಿಭಾಗದ ನಡುವೆ ಲಿಖಿತ ಒಪ್ಪಂದ ಇದೆಯೇ ನೋಡಿ. ಇದ್ದರೆ ಅದರಲ್ಲಿ ಒಂದು ಪ್ರಶ್ನೆಗೆ ಉತ್ತರ ಹುಡುಕಿ: ಮಾರ್ಗದರ್ಶಕರು ಪಾಸು ಎಂದು, ವಿಭಾಗದ ಮೇಲ್ವಿಚಾರಕರು ಫೇಲು ಎಂದರೆ ಯಾರ ಮಾತು ನಡೆಯುತ್ತದೆ? ಬಹುಪಾಲು ಒಪ್ಪಂದಗಳು ಈ ಜಾಗದಲ್ಲಿ ಜಾಣಮೌನ ವಹಿಸುತ್ತವೆ. ಪದವಿ ವಿಶ್ವವಿದ್ಯಾಲಯದ್ದಾದ್ದರಿಂದ ಅಂತಿಮ ತೀರ್ಪು ಪರೀಕ್ಷಾ ಮಂಡಳಿಯದು, ಅದರಲ್ಲಿ ಅನುಮಾನವಿಲ್ಲ. ಆದರೆ ತರಗತಿಯಿಂದ ಯಾರನ್ನಾದರೂ ಇಂದೇ ಹೊರಗೆ ಕಳಿಸುವ ಹಕ್ಕು ಮುಖ್ಯೋಪಾಧ್ಯಾಯರದು, ಅದನ್ನು ಯಾವ ವಿಶ್ವವಿದ್ಯಾಲಯವೂ ಕಿತ್ತುಕೊಳ್ಳಲಾಗದು, ಕಿತ್ತುಕೊಳ್ಳಲೂಬಾರದು.

ಒಂದು ವರ್ಷ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಮಗುವೊಂದಕ್ಕೆ ಹೊಡೆದರು. ಬರವಣಿಗೆಯ ಪರೀಕ್ಷೆಗಳಲ್ಲಿ ಅವರಿಗೆ ಒಳ್ಳೆಯ ಅಂಕಗಳಿದ್ದವು. ಶಾಲೆ ಅವರನ್ನು ಒಳಗೆ ಬಿಡಲಿಲ್ಲ. ಪರೀಕ್ಷಾ ಶಾಖೆ 'ಯಾವ ನಿಯಮದ ಪ್ರಕಾರ ಫೇಲು ಮಾಡುತ್ತೀರಿ' ಎಂದು ಕೇಳಿತು. ನಮ್ಮ ನಿಯಮಾವಳಿಯಲ್ಲಿ ಹಾಜರಿಯ ಪ್ರಸ್ತಾಪವಿತ್ತು, ಅಂಕಗಳದಿತ್ತು, ನಡತೆಯದು ಇರಲಿಲ್ಲ. ವಿದ್ಯಾರ್ಥಿ ಒಂದು ಕಡೆ, ಶಾಲೆ ಒಂದು ಕಡೆ, ನಾವು ನಡುವೆ, ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಹಾಗೆ. ಆರು ತಿಂಗಳು ಪತ್ರವ್ಯವಹಾರ ನಡೆಯಿತು. ಕೊನೆಗೆ ವಿಭಾಗದ ಸಭೆಯಲ್ಲಿ ವೃತ್ತಿಗೆ ತಕ್ಕ ನಡತೆಯ ಬಗ್ಗೆ ಪ್ರತ್ಯೇಕ ನಿಯಮ ಬರೆದು, ವಿದ್ಯಾವಿಷಯಕ ಪರಿಷತ್ತಿನವರೆಗೆ ಒಯ್ದೆವು. ಅದರಲ್ಲಿ ದೂರು, ವಿಚಾರಣೆ, ಮೇಲ್ಮನವಿ, ಎಲ್ಲಕ್ಕೂ ದಿನಗಳ ಗಡುವು ಇಟ್ಟೆವು. ನಿಮ್ಮ ವಿಭಾಗದಲ್ಲಿ ಅಂಥ ನಿಯಮ ಇಲ್ಲದಿದ್ದರೆ ವರದಿಯ ಮೊದಲ ಪುಟದಲ್ಲೇ ಬರೆಯಿರಿ. ಘಟನೆ ಆದಮೇಲೆ ಬರೆಯುವ ನಿಯಮ ಆ ಘಟನೆಗೆ ಅನ್ವಯಿಸುವುದಿಲ್ಲ.

ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಿಕ್ಷಣ ವಿಭಾಗಕ್ಕೆ ವಿದ್ಯಾರ್ಥಿಗಳು ಬಹಳ, ದುಬಾರಿ ಉಪಕರಣ ಇಲ್ಲ, ಆದ್ದರಿಂದ ಖರ್ಚು ಕಡಿಮೆ ಎಂದು ಬಜೆಟ್ ಹಾಕುವವರು ನಂಬಿರುತ್ತಾರೆ. ಶುಲ್ಕ ಇಲ್ಲಿಂದ ಬರುತ್ತದೆ, ಬೇರೆಲ್ಲೋ ಖರ್ಚಾಗುತ್ತದೆ. ಪ್ರಯಾಣ ಭತ್ಯೆ, ಮಾರ್ಗದರ್ಶಕ ಶಿಕ್ಷಕರ ಗೌರವಧನ, ಅವರಿಗೆ ವರ್ಷಕ್ಕೊಮ್ಮೆ ನಡೆಸುವ ಕಾರ್ಯಾಗಾರ: ಇವು ನಿಮ್ಮ ವಿಭಾಗದ ರಾಸಾಯನಿಕಗಳಿಗೂ ಗಾಜಿನ ಸಾಮಾನಿಗೂ ಸಮ. ಬಜೆಟ್ಟಿನಲ್ಲಿ ಹಾಗೇ ತೋರಿಸಿದರೆ ಹಣಕಾಸು ಶಾಖೆಗೂ ಅರ್ಥವಾಗುತ್ತದೆ.

ಕಡೆಯದಾಗಿ ಆ ಹುದ್ದೆ. ಶಾಲೆಗಳ ಪಟ್ಟಿ ಮಾಡುವುದು, ಪತ್ರ ಟೈಪು ಮಾಡುವುದು, ಹಾಜರಿ ಕೂಡಿಸುವುದು ಗುಮಾಸ್ತರ ಕೆಲಸವೇ, ಅದಕ್ಕೆ ಗುಮಾಸ್ತರನ್ನೇ ಕೊಡಲಿ. ಆದರೆ ಯಾವ ಪ್ರಶಿಕ್ಷಣಾರ್ಥಿಯನ್ನು ಯಾವ ಮಾರ್ಗದರ್ಶಕರ ಬಳಿ ಕಳಿಸಬೇಕು, ನಾಲ್ಕನೆಯ ವಾರದಲ್ಲಿ ಕುಸಿಯುತ್ತಿರುವವರನ್ನು ಅಲ್ಲೇ ಇಟ್ಟುಕೊಳ್ಳಬೇಕೋ ಹಿಂದಕ್ಕೆ ಕರೆಸಬೇಕೋ, ಮುಖ್ಯೋಪಾಧ್ಯಾಯರ ದೂರಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಶಾಲೆಯಲ್ಲಿ ಪಾಠ ಮಾಡಿ ಅನುಭವವಿರುವ ಅಧ್ಯಾಪಕರೇ ತೀರ್ಮಾನಿಸಬೇಕು. ಈ ಕೆಲಸವನ್ನು ಹೆಚ್ಚುವರಿ ಹೊಣೆಯೆಂದು ಕೊಟ್ಟರೆ ಪ್ರತಿವರ್ಷ ವಿಭಾಗಕ್ಕೆ ಹೊಸದಾಗಿ ಬಂದವರ ತಲೆಗೆ ಬೀಳುತ್ತದೆ, ಶಾಲೆಯವರು ಪ್ರತಿ ಜೂನ್‌ನಲ್ಲೂ ಹೊಸ ಮುಖ ನೋಡುತ್ತಾರೆ. ಹುದ್ದೆಯೆಂದೇ ಶಿಫಾರಸು ಮಾಡಿ. ಅವಧಿ ಮುಖ್ಯಸ್ಥರ ಅವಧಿಗಿಂತ ದೀರ್ಘವಾಗಿರಲಿ, ಅಧ್ಯಯನ ಮಂಡಳಿಯಲ್ಲಿ ಪದನಿಮಿತ್ತ ಸ್ಥಾನವಿರಲಿ, ಶಾಲೆಗಳ ಜೊತೆಗಿನ ಪತ್ರಕ್ಕೆ ಅವರ ಸಹಿಯೇ ಸಾಲಲಿ. ಹಣಕಾಸು ಶಾಖೆ ಮತ್ತೂ ತಕರಾರು ತೆಗೆದರೆ ಆ 800 ಪಾಠ ವೀಕ್ಷಣೆಗಳ ಲೆಕ್ಕವನ್ನು ನಿಮ್ಮ ವಿಭಾಗದ ಸಂಖ್ಯೆಗಳಿಗೆ ಹೊಂದಿಸಿ ಲಗತ್ತಿಸಿ, ಜೊತೆಗೆ ಹೋದ ವರ್ಷದ ವೀಕ್ಷಣಾ ಪುಸ್ತಕಗಳಲ್ಲಿ ನಾಲ್ಕೈದನ್ನು ಮೇಜಿನ ಮೇಲಿಡಿ.